ಹೋಲ್ಡಾನ್

ರೈಟ್ ಅಂದರೆ ಬಲಕ್ಕಲ್ಲ, ಸರಿ ಅಂತಲೂ ಅಲ್ಲ,
ಹೊರಡು ಅಂತ.
ಹೋಲ್ಡಾನ್ ಅಂದರೆ ಏನನ್ನೂ ಹಿಡಿಯಬೇಕಿಲ್ಲ,
ನಿಲ್ಲಿಸು ಅಂತ.
ಈ ಎರಡು ಮಾತಿನ ಮೇಲೆ
ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದೇವೆ
ನಾನೂ ಹಾಲೇಶಪ್ಪನೂ,
ಶಿವಮೊಗ್ಗದಿಂದ ತೀರ್ಥಹಳ್ಳಿ, ತೀರ್ಥಹಳ್ಳಿಯಿಂದ ಶಿವಮೊಗ್ಗ.
ಇಂಗ್ಲಿಷಿನವರು ಯಾರೂ ಬಂದು ತಕರಾರು ತೆಗೆದಿರಲಿಲ್ಲ.

ಮೊನ್ನೆ ಒಬ್ಬಳು ಹತ್ತಿದಳು, ಕೊರಳಲ್ಲಿ ದುರ್ಬೀನು.
ಮಂಡಗದ್ದೆಯ ಹಕ್ಕಿ ನೋಡಬೇಕಂತೆ.
ಹೆಂಗಸರಿಗೆಲ್ಲ ಸೊನ್ನೆ ಟಿಕೆಟ್ಟು ಹರಿದು ಹರಿದು
ಅವಳೊಬ್ಬಳಿಗೆ ನಲವತ್ಮೂರರದು, ಕೊಟ್ಟದ್ದು ಐವತ್ತರ ನೋಟು.
ಚಿಲ್ಲರೆ ಆಮೇಲೆ ಅಂತ
ಟಿಕೆಟ್ಟಿನ ಬೆನ್ನಿಗೆ ಏಳು ಅಂತ ಬರೆದುಕೊಟ್ಟೆ.

ಗಾಜನೂರಲ್ಲಿ ಸೀಟು ಖಾಲಿಯಾಯ್ತು. ಕೂತ್ಕೊಳಮ್ಮ ಅಂದೆ.
"ಐ ಆಮ್ ಗುಡ್" ಅಂದಳು.
ಒಳ್ಳೆಯವಳೇ ಇರಬಹುದು, ನಾನೆಲ್ಲಿ ಇಲ್ಲ ಅಂದೆ?
ಒಳ್ಳೆಯವರೂ ಕೂರಬಹುದಲ್ಲ.
ಆ ಸೀಟಿಗೆ ಒಂದು ಕೋಳಿಬುಟ್ಟಿ ಬಂದು ಕೂತಿತು,
ಒಳ್ಳೆಯದೋ ಕೆಟ್ಟದ್ದೋ ಅದು ಹೇಳಿಕೊಳ್ಳಲಿಲ್ಲ.

ಹಾಲೇಶಪ್ಪ ಒಂದು ಹಂಪು ಹಾರಿಸಿದ.
ಅವಳ ಹಣೆ ಕಂಬಿಗೆ ಬಡಿಯಿತು. ಸಾರಿ ಅಂದೆ.
"ನೋ ವರೀಸ್."
ಚಿಂತೆಯೇ ಇಲ್ಲವಂತೆ!
ಆ ವಯಸ್ಸಿಗೆ ಒಂದಾದರೂ ಇರಬೇಕಲ್ಲ ಅನ್ನಿಸಿತು.

ಸಕ್ರೆಬೈಲು ದಾಟುವಾಗ ಕಂಬಿಗೆ ಸೊಂಟ ಆನಿಸಿ
ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ ಅಂದೆ,
ಹೋಲ್ ಡೇ ಸ್ಟ್ಯಾಂಡಿಂಗ್, ಲೆಗ್ ಫುಲ್ ಪೇನ್.
ಅವಳು ತಲೆಯಾಡಿಸಿದಳು,
"ಟೆಲ್ ಮಿ ಅಬೌಟ್ ಇಟ್."

ಹೇಳು ಅಂದಳು.
ಈ ಬಸ್ಸಿನಲ್ಲಿ ಎಷ್ಟು ಅಂತ ಕೇಳಿದ್ದಾರೆ,
ಎಷ್ಟೊತ್ತಿಗೆ ಮುಟ್ಟುತ್ತೆ ಅಂತ ಕೇಳಿದ್ದಾರೆ,
ಕಿಟಕಿ ಯಾಕೆ ಹಾಕೋದಕ್ಕಾಗಲ್ಲ ಅಂತ ಜಗಳ ಆಡಿದ್ದಾರೆ.
ಕಾಲು ನೋಯುವ ವಿಷಯ
ಹೇಳು ಅಂತ ಯಾರು ಅಂದಿದ್ದರು?

ಹೇಳಿದೆ.
ಹಿಮ್ಮಡಿ ಸಂಜೆಗೆ ಹೇಗೆ ಕಲ್ಲಾಗುತ್ತೆ ಅಂತ.
ಬೆಳಿಗ್ಗೆ ಆರರಿಂದ ನೀರು ಕುಡಿಯೋದಿಲ್ಲ,
ಊರು ಮುಟ್ಟೋ ತನಕ ನಮ್ಮಂಥವರಿಗೆ ಜಾಗ ಇಲ್ಲ ಅಂತ.
ಚೀಲದಲ್ಲಿ ನೂರು ರೂಪಾಯಿ ಕಮ್ಮಿ ಬಿದ್ದ ರಾತ್ರಿ
ಡಿಪೋದ ಬೆಂಚಿನ ಮೇಲೆ ನಾಲ್ಕು ಸಲ ಎಣಿಸಿದ್ದು,
ನಾಲ್ಕು ಸಲವೂ ಅದು ಕಮ್ಮಿಯೇ ಇದ್ದದ್ದು.
ಮೊದಲು ಅರ್ಧ ಇಂಗ್ಲಿಷು, ಆಮೇಲೆ ಪೂರ್ತಿ ಕನ್ನಡ.
ಒಂದು ಸ್ಟೇಜು ಟಿಕೆಟ್ಟು ಕೊಡೋದೇ ಮರೆತೆ.
ಹಾಲೇಶಪ್ಪ ಕನ್ನಡಿಯಲ್ಲಿ ಹುಬ್ಬೇರಿಸಿದ.
ಅವಳಿಗೆ ಏನು ತಿಳಿಯಿತೋ,
ನೀರಿನ ಬಾಟಲಿ ನನ್ನ ಕಡೆ ಚಾಚಿದಳು,
ಆಮೇಲೆ ತಾನೇ ಹಿಂದಕ್ಕೆಳೆದುಕೊಂಡಳು.

ಮಂಡಗದ್ದೆಯಲ್ಲಿ ಇಳಿದು "ಸೀ ಯು ಅರೌಂಡ್" ಅಂದಳು.
ಸುತ್ತ ನೋಡಿದೆ.
ಹೊಳೆ ನಡುವಿನ ಮರದ ತುಂಬ ಬೆಳ್ಳಕ್ಕಿ,
ಅವೂ ಜಾಗಕ್ಕೆ ಜಗಳ ಆಡುತ್ತಿದ್ದವು.
ಏಳು ರೂಪಾಯಿ ಇಬ್ಬರಿಗೂ ನೆನಪಾಗಲಿಲ್ಲ.

ರಾತ್ರಿ ದುಡ್ಡು ಕಟ್ಟುವಾಗ
ಕ್ಯಾಶ್ ಕೌಂಟರಿನ ಜೆಸಿಂತಾ ಹೊಟ್ಟೆ ಹಿಡಿದು ನಕ್ಕಳು:
"ಅಯ್ಯೋ ಅಕ್ಕಾ, ಅದು ಹೇಳು ಅಂತಲ್ಲ.
ನಂಗೂ ಗೊತ್ತು, ನೀ ಹೇಳೋದೇ ಬೇಡ ಅಂತ."

ಹೇಳು ಅಂದರೆ ಹೇಳಬೇಡ!
ಇದೆಂಥ ಭಾಷೆ ಮಾರಾಯ್ತಿ ಅಂತ ಬೈಕೊಂಡೇ
ಮಾರನೇ ದಿನ ಮೊದಲ ಟ್ರಿಪ್ಪು ಹೊರಟೆ.
ಕಿವಿ ಇನ್ನೂ ಬಿಸಿ.
ಗೊತ್ತಿದ್ದೂ ಅಷ್ಟು ದೂರ ಕೇಳಿದಳಲ್ಲ,
ಬಾಟಲಿ ಹಿಂದಕ್ಕೆಳೆದುಕೊಂಡಳಲ್ಲ,
ಅದನ್ನು ಜೆಸಿಂತಾಳಿಗೆ ಹೇಳಿರಲಿಲ್ಲ.

ಮುಡುಬದಲ್ಲಿ ಇನ್ನೇನು ರೈಟ್ ಅನ್ನಬೇಕು,
ಗದ್ದೆಯಾಚೆಯಿಂದ ಒಂದು ಕೂಗು:
"ಬಂದೆ, ಬಂದೇ!"

ಎಲ್ಲಿ ಬಂದಳು?
ಇನ್ನೂ ಬದುವಿನ ಮೇಲಿದ್ದಾಳೆ,
ಒಂದು ಕೈಲಿ ಚಪ್ಪಲಿ, ಒಂದು ಕೈಲಿ ಹಾಲಿನ ಕ್ಯಾನು,
ಸೆರಗು ಬೇಲಿಗೆ ಸಿಕ್ಕಿ ಬಿಡಿಸಿಕೊಳ್ಳುತ್ತಿದ್ದಾಳೆ.
ಮಾತು ಮಾತ್ರ ಆಗಲೇ ಫುಟ್‌ಬೋರ್ಡ್ ಹತ್ತಿದೆ.

ಹಾಲೇಶಪ್ಪ ಕನ್ನಡಿಯಲ್ಲಿ ನನ್ನ ನೋಡಿದ.
ಚೀಲದ ಮೂಲೆಯಲ್ಲಿ ಬೇರೆ ಕಟ್ಟಿಟ್ಟ ಏಳು ರೂಪಾಯಿ
ಕೈಗೆ ತಗುಲಿತು.

ಹೋಲ್ಡಾನ್, ಅಂದೆ.